376 ಬೈಟ್, 185 ದಿನ: ಸ್ಲ್ಯಾಮರ್ ಕತೆ

ಇವತ್ತು ಒಂದು ಶನಿವಾರದ ಕತೆ ಹೇಳ್ತೀನಿ. 2003ರ ಜನವರಿ 25, ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಸುಮಾರು 11 ಗಂಟೆ. ಮಾರನೇ ದಿನ ಗಣರಾಜ್ಯೋತ್ಸವ. ನಾನಾಗ ಒಂದನೇ ಕ್ಲಾಸು. ಶಾಲೆ ಮೈದಾನದಲ್ಲಿ ಬಿಸಿಲಿಗೆ ಸಾಲಾಗಿ ನಿಂತು ಮಾರ್ಚ್‌ಪಾಸ್ಟ್ ಪ್ರಾಕ್ಟೀಸ್ ಮಾಡ್ತಿದ್ದೆ ಅನ್ಸುತ್ತೆ. ಇಂಟರ್‌ನೆಟ್ ಅಂದ್ರೆ ಏನು ಅಂತಾನೇ ನನಗಾಗ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಎಲ್ಲಿಂದಲೋ, ಯಾರದೋ ಕಂಪ್ಯೂಟರ್‌ನಿಂದ ಒಂದು ಪುಟ್ಟ ಪ್ಯಾಕೆಟ್ ಹೊರಟಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ದಕ್ಷಿಣ ಕೊರಿಯಾದಲ್ಲಿ ಇಂಟರ್‌ನೆಟ್ ಹೆಚ್ಚುಕಮ್ಮಿ ನಿಂತೇ ಹೋಯ್ತು. ಅಮೆರಿಕದಲ್ಲಿ ಎಟಿಎಂಗಳು ದುಡ್ಡು ಕೊಡೋದನ್ನ ನಿಲ್ಲಿಸಿದವು. ಅದನ್ನ ಕಳಿಸಿದ್ದು ಯಾರು ಅಂತ ಇವತ್ತಿನವರೆಗೂ ಪತ್ತೆಯಾಗಿಲ್ಲ.

ಆ ಪ್ಯಾಕೆಟ್‌ನ ಹೆಸರು ಎಸ್‌ಕ್ಯೂಎಲ್ ಸ್ಲ್ಯಾಮರ್. ಗಾತ್ರ 376 ಬೈಟ್. ಎಷ್ಟು ಚಿಕ್ಕದು ಅಂತ ಅಂದಾಜು ಬೇಕಾ? ಫೋನಿನಲ್ಲಿ ಕನ್ನಡದಲ್ಲಿ ಟೈಪ್ ಮಾಡುವಾಗ ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತಕ್ಕೆ 3 ಬೈಟ್ ಬೇಕು. 'ನಮಸ್ಕಾರ' ಅಂತ ಬರೆದರೆ 21 ಬೈಟ್. ಹದಿನೆಂಟು ಸಲ ನಮಸ್ಕಾರ ಬರೆಯುವಷ್ಟರಲ್ಲಿ 376 ದಾಟುತ್ತೆ. ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬರುವ ಗುಡ್ ಮಾರ್ನಿಂಗ್ ಫೋಟೋ ಇದರ ನೂರಾರು ಪಟ್ಟು ದೊಡ್ಡದು.

ನಾನು ಬಿ.ಕಾಂ ಓದಿದವ, ಕೋಡ್ ಬರೆಯೋದು ನನ್ನ ಕಸುಬಲ್ಲ. ಹಾಗಾಗಿ ಈ ಎಪಿಸೋಡ್‌ಗೆ ತಯಾರಾಗುವಾಗ ಬಫರ್ ಓವರ್‌ಫ್ಲೋ ಅಂದ್ರೇನು ಅಂತ ಮೊದಲು ನನಗೆ ನಾನೇ ಅರ್ಥ ಮಾಡಿಸಿಕೊಳ್ಳಬೇಕಾಯ್ತು. ನನಗೆ ದಾರಿ ತೋರಿಸಿದ್ದು ನಮ್ಮಜ್ಜನ ಬ್ಯಾಂಕ್ ಚಲನ್.

ಹಳೇ ಚಲನ್ ನೆನಪಿದ್ಯಾ? ಹೆಸರಿಗೆ ಸಣ್ಣ ಸಣ್ಣ ಚೌಕಗಳು. ಅದರ ಕೆಳಗೆ ಒಂದು ಪಟ್ಟಿ, 'ಕಚೇರಿ ಉಪಯೋಗಕ್ಕೆ ಮಾತ್ರ'. ಅಜ್ಜನಿಗೆ ಹೆಸರು ಅಂದ್ರೆ ಊರು, ತಂದೆ ಹೆಸರು, ಮನೆತನ ಎಲ್ಲಾ ಬರಬೇಕು. ಚೌಕ ಮುಗಿದರೂ ಹೆಸರು ಮುಗೀತಿರಲಿಲ್ಲ. ಪೆನ್ನು ನಿಲ್ಲಿಸದೆ ಕೆಳಗಿನ ಪಟ್ಟಿಗೂ ಬರೆದುಬಿಡ್ತಿದ್ರು. ಕೌಂಟರ್‌ನಲ್ಲಿ ಕೂತವರು ಬೈದು, ಹರಿದುಹಾಕಿ, ಇನ್ನೊಂದು ಚಲನ್ ಕೊಡೋರು.

ಈಗ ಬೈಯದ ಗುಮಾಸ್ತನನ್ನ ಊಹಿಸಿಕೊಳ್ಳಿ. 'ಕಚೇರಿ ಉಪಯೋಗಕ್ಕೆ' ಅನ್ನೋ ಜಾಗದಲ್ಲಿ ಅವನಿಗಾಗಿ ಒಂದು ಟಿಪ್ಪಣಿ ಇದೆ: 'ಈ ಕೆಲಸ ಮುಗಿದ ಮೇಲೆ ಇಂಥ ಪುಟಕ್ಕೆ ಹೋಗಿ ಅಲ್ಲಿರುವ ಸೂಚನೆ ಪಾಲಿಸು.' ನೀವು ಬೇಕಂತಲೇ ಉದ್ದದ ಹೆಸರು ಬರೆದು, ಆ ಟಿಪ್ಪಣಿ ಮೇಲೆ ನಿಮ್ಮದೇ ಟಿಪ್ಪಣಿ ಬರೆದಿರಿ: 'ಇದೇ ಚೀಟಿಯ ಹಿಂಬದಿ ನೋಡು.' ಹಿಂಬದಿಯಲ್ಲಿ ನಿಮ್ಮದೇ ಸೂಚನೆಗಳಿವೆ. ಗುಮಾಸ್ತ ಅದನ್ನ ಯಾರು ಬರೆದರು ಅಂತ ಕೇಳಲ್ಲ. ಆ ಜಾಗದಲ್ಲಿದ್ದದ್ದು ಕಚೇರಿಯ ಆದೇಶ ಅಂತ ಪಾಲಿಸ್ತಾನೆ. ಬಫರ್ ಓವರ್‌ಫ್ಲೋ ಅಂದ್ರೆ ಇಷ್ಟೇ. ಹೆಸರು ತುಂಬಬೇಕಾದ ಜಾಗದಿಂದ ಆದೇಶ ಹೊರಡಿಸೋದು.

ನಮ್ಮ ಕಡೆ ಕೆರೆ ಕಟ್ಟುವವರು ಕೋಡಿ ಬಿಡದೆ ಕಟ್ಟಲ್ಲ. ತುಂಬಿದ ಮೇಲೆ ನೀರು ಎಲ್ಲಿಂದ ಹೋಗಬೇಕು ಅಂತ ಮೊದಲೇ ಯೋಚನೆ ಮಾಡಿರ್ತಾರೆ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಸಿ ಭಾಷೆಯ ಬಫರ್‌ಗೆ ಕೋಡಿ ಇಲ್ಲ. ಬಂದದ್ದು ಎಷ್ಟುದ್ದ ಅಂತ ಅಳೆಯೋದು ಪ್ರೋಗ್ರಾಮರ್‌ನ ಜವಾಬ್ದಾರಿ. ಆತ ಮರೆತರೆ ನೀರು ಏರಿಯನ್ನೇ ಕೊಚ್ಚಿಕೊಂಡು ಹೋಗುತ್ತೆ. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಹರಡಿದ ದಾರಿಗಳಲ್ಲಿ ಇಂಥದ್ದೂ ಒಂದಿತ್ತು. 512 ಬೈಟಿನ ಜಾಗಕ್ಕೆ ಅದಕ್ಕಿಂತ ಉದ್ದದ್ದನ್ನ ತುರುಕಿದ್ದರು. 1996ರಲ್ಲಿ ಫ್ರಾಕ್ ಅನ್ನೋ ಪತ್ರಿಕೆಯಲ್ಲಿ ಇದನ್ನ ಹೇಗೆ ಮಾಡೋದು ಅಂತ ಪಾಠದ ಹಾಗೆ ವಿವರಿಸಿದ ಲೇಖನವೂ ಬಂತು. ಅಂದ್ರೆ 2002ರ ಹೊತ್ತಿಗೆ ಇದು ಹೊಸ ಕಾಯಿಲೆ ಅಲ್ಲವೇ ಅಲ್ಲ.

2002ರಲ್ಲಿ ಡೇವಿಡ್ ಲಿಚ್‌ಫೀಲ್ಡ್ ಅನ್ನೋ ಬ್ರಿಟಿಷ್ ಸಂಶೋಧಕ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 2000ವನ್ನ ಪರೀಕ್ಷೆ ಮಾಡ್ತಿದ್ದರು. ಡೇಟಾಬೇಸ್ ಸರ್ವರ್ ಅಂದ್ರೆ ಲೆಕ್ಕದ ಪುಸ್ತಕಗಳ ಗೋದಾಮು. ಬ್ಯಾಂಕಿನ ಖಾತೆ, ವಿಮಾನದ ಟಿಕೆಟ್, ಅಂಗಡಿಯ ಸ್ಟಾಕ್ ಎಲ್ಲಾ ಅದರೊಳಗೆ. ಒಂದೇ ಕಂಪ್ಯೂಟರ್‌ನಲ್ಲಿ ಇಂಥ ಗೋದಾಮು ಎರಡು ಮೂರು ಇರಬಹುದು. ಯಾವುದು ಎಲ್ಲಿದೆ ಅಂತ ಕೇಳಿದವರಿಗೆ ಹೇಳೋಕೆ ಒಂದು ವಿಚಾರಣೆ ಕೌಂಟರ್ ಇತ್ತು. ಅದರ ನಂಬರ್ ಯುಡಿಪಿ ಪೋರ್ಟ್ 1434. ಅಲ್ಲಿ ಪಾಸ್‌ವರ್ಡ್ ಬೇಕಿಲ್ಲ, ಗುರುತಿನ ಚೀಟಿ ಬೇಕಿಲ್ಲ. ಯಾರು ಬೇಕಾದರೂ ಕೇಳಬಹುದು.

ಲಿಚ್‌ಫೀಲ್ಡ್ ಆ ಕೌಂಟರ್‌ಗೆ ಬೇರೆ ಬೇರೆ ಥರದ ಚೀಟಿ ಕೊಟ್ಟು ನೋಡಿದರು. ಚೀಟಿಯ ಮೊದಲ ಬೈಟ್ 4 ಆಗಿದ್ದರೆ, ಸರ್ವರ್ ಅದರ ಹಿಂದೆ ಬರುವುದನ್ನೆಲ್ಲ ಒಂದು ಹೆಸರು ಅಂದುಕೊಂಡು ಒಂದು ಸೀಮಿತ ಜಾಗಕ್ಕೆ ನಕಲು ಮಾಡ್ತಿತ್ತು. ಉದ್ದ ಅಳೀತಿರಲಿಲ್ಲ. ನಮ್ಮಜ್ಜನ ಚಲನ್, ಬೈಯದ ಗುಮಾಸ್ತ.

ಅವರು ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್‌ಗೆ ತಿಳಿಸಿದರು. ಜುಲೈ 24ಕ್ಕೆ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿತು. ಪ್ಯಾಚ್ ಅನ್ನೋದಕ್ಕೆ ತೇಪೆ ಅನ್ನೋ ಪದವೇ ಸರಿ ಅನ್ಸುತ್ತೆ ನನಗೆ. ಆ ಪ್ರಕಟಣೆಯ ನಂಬರ್ ಎಂಎಸ್02-039. ಮುಂದಿನ ವಾರ ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಲಿಚ್‌ಫೀಲ್ಡ್ ಈ ತೂತಿನ ಬಗ್ಗೆ ಮಾತಾಡಿದರು, ಅದನ್ನ ಬಳಸುವ ಮಾದರಿ ಕೋಡನ್ನೂ ತೋರಿಸಿದರು. ತೇಪೆ ಬಂದಾಗಿದೆ, ಎಲ್ಲರೂ ಹಾಕಿಕೊಳ್ಳಲಿ ಅನ್ನೋದು ಲೆಕ್ಕಾಚಾರ.

ಜುಲೈ 24ರಿಂದ ಜನವರಿ 25ಕ್ಕೆ 185 ದಿನ. ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿದೆ. ಅಷ್ಟೂ ದಿನ ತೇಪೆ ಉಚಿತವಾಗಿ ಸಿಗ್ತಿತ್ತು.

ಇಲ್ಲಿ 'ಅಡ್ಮಿನ್‌ಗಳು ಸೋಮಾರಿಗಳು' ಅಂತ ಹೇಳಿ ಮುಂದೆ ಹೋಗೋದು ಸುಲಭ. ನಾನು ಓದಿದ ಹಲವು ಬರಹಗಳಲ್ಲಿ ಅದೇ ಧಾಟಿ. ನನಗೆ ಅದು ಒಪ್ಪಿಗೆ ಆಗಲಿಲ್ಲ. ಆ ಮೊದಲ ತೇಪೆಯನ್ನ ಇವತ್ತಿನ ಹಾಗೆ ಒಂದು ಬಟನ್ ಒತ್ತಿ ಹಾಕೋಕೆ ಆಗ್ತಿರಲಿಲ್ಲ. ಸರ್ವರ್ ನಿಲ್ಲಿಸಿ, ಹಳೇ ಫೈಲ್ ತೆಗೆದು, ಹೊಸದನ್ನ ಕೈಯಾರೆ ಆ ಜಾಗದಲ್ಲಿ ಇಡಬೇಕಿತ್ತು. ನಡೀತಿರೋ ಡೇಟಾಬೇಸ್ ಸರ್ವರ್ ನಿಲ್ಲಿಸೋದು ಅಂದ್ರೆ ವ್ಯವಹಾರ ನಿಲ್ಲಿಸೋದು. ನಾನು ಒಂದು ಲೆಕ್ಕಪತ್ರದ ಆಫೀಸಿನಲ್ಲಿ ಎರಡು ವರ್ಷ ಇದ್ದೆ. ಮಾರ್ಚ್ ಕೊನೇ ವಾರದಲ್ಲಿ ಅಲ್ಲಿ ಯಾರಾದರೂ 'ಸಿಸ್ಟಮ್ ರೀಸ್ಟಾರ್ಟ್ ಮಾಡ್ತೀನಿ' ಅಂದರೆ ಇಡೀ ಆಫೀಸೇ ತಿರುಗಿ ನೋಡ್ತಿತ್ತು. 'ರಿಮೈಂಡ್ ಮಿ ಲೇಟರ್' ಒತ್ತುವ ಕೆಲಸ ನನ್ನದೇ ಆಗಿತ್ತು. ವಿವೇಕದ ಕೆಲಸ ಅಂದುಕೊಂಡೇ ಒತ್ತುತಿದ್ದೆ. ಎಲ್ಲಾ ಸರಿ ನಡೀತಿರುವಾಗ ಕೈ ಹಾಕಿ ಕೆಡಿಸಿದರೆ ಬೈಗುಳ ನನಗೆ. ಕೈ ಹಾಕದೆ ಕೆಟ್ಟರೆ ಅದು ಯಾರದೋ ತಪ್ಪು.

ಇನ್ನೂ ಒಂದು ಸಂಗತಿ ಇದೆ, ನನ್ನನ್ನ ಹೆಚ್ಚು ಕಾಡಿದ್ದು ಇದೇ. ಎಸ್‌ಕ್ಯೂಎಲ್ ಸರ್ವರ್‌ಗೆ ಒಂದು ಪುಟ್ಟ ಉಚಿತ ತಮ್ಮ ಇದ್ದ, ಎಂಎಸ್‌ಡಿಇ ಅಂತ. ಬೇರೆ ಸಾಫ್ಟ್‌ವೇರ್ ಮಾಡೋರು ಅದನ್ನ ತಮ್ಮ ಪ್ರಾಡಕ್ಟ್ ಒಳಗೆ ಸೇರಿಸಿ ಕೊಡಬಹುದಿತ್ತು. ನೀವು ಯಾವುದೋ ಒಂದು ಪ್ರೋಗ್ರಾಮ್ ಹಾಕಿಕೊಂಡಿರಿ, ಅದರ ಜೊತೆಗೆ ಡೇಟಾಬೇಸ್ ಸರ್ವರ್ ಕೂಡ ಬಂದು ಕೂತಿತು. ಅದರಲ್ಲೂ ಅದೇ ತೂತು. ತಮ್ಮ ಹತ್ತಿರ ಡೇಟಾಬೇಸ್ ಸರ್ವರ್ ಇದೆ ಅಂತಲೇ ಗೊತ್ತಿಲ್ಲದವರು ಅದಕ್ಕೆ ತೇಪೆ ಹೇಗೆ ಹಾಕ್ತಾರೆ?

ಇದನ್ನ ಓದಿದ ದಿನ ನಾನು ಆ ಹಳೇ ಆಫೀಸಿನ ಸಹೋದ್ಯೋಗಿಗೆ ಫೋನ್ ಮಾಡಿದೆ. 'ಮೇಡಂ, ಬೆರಳು ಒತ್ತುವ ಹಾಜರಿ ಮಷಿನ್‌ನ ಸಾಫ್ಟ್‌ವೇರ್ ಯಾವ ಕಂಪ್ಯೂಟರ್‌ನಲ್ಲಿದೆಯೋ, ಅದರ ಪ್ರೋಗ್ರಾಮ್ ಪಟ್ಟಿ ಸ್ವಲ್ಪ ನೋಡ್ತೀರಾ?' ಅವರು ನೋಡಿ ಓದಿ ಹೇಳಿದರು. ಹಾಜರಿ ಸಾಫ್ಟ್‌ವೇರ್‌ನ ಜೊತೆಗೇ ಒಂದು ಡೇಟಾಬೇಸ್ ಸರ್ವರ್. ಇನ್‌ಸ್ಟಾಲ್ ಆಗಿ ಏಳು ವರ್ಷ. ಆಮೇಲೆ ಒಂದು ಅಪ್‌ಡೇಟೂ ಆಗಿರಲಿಲ್ಲ. 'ಇದೇನಪ್ಪಾ ಇದು, ಇದನ್ನ ಯಾರು ಹಾಕಿದ್ದು?' ಅಂತ ಅವರು ನನ್ನನ್ನೇ ಕೇಳಿದರು. ಆ ಎರಡು ವರ್ಷ ಅದೇ ಕಂಪ್ಯೂಟರ್ ಮುಂದೆ ಕೂತಿದ್ದವನು ನಾನು.

ಸರಿ, ಶನಿವಾರಕ್ಕೆ ಬರೋಣ.

ಅದಕ್ಕೂ ಮೊದಲು 2001ರ ಜುಲೈನಲ್ಲಿ ಕೋಡ್ ರೆಡ್ ಅನ್ನೋ ವರ್ಮ್ ಬಂದಿತ್ತು. ಮೂರೂವರೆ ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ತಗುಲಿತ್ತು. ಆದರೆ ಅದು ಹರಡೋಕೆ ಫೋನ್ ಮಾಡುವ ಹಾಗೆ ಮಾಡಬೇಕಿತ್ತು. ರಿಂಗ್ ಆಗಬೇಕು, ಆ ಕಡೆಯವರು ಎತ್ತಬೇಕು, ಆಮೇಲೆ ಮಾತು. ಸ್ಲ್ಯಾಮರ್ ಬಳಸಿದ್ದು ಯುಡಿಪಿ. ಅದು ಪೋಸ್ಟ್ ಕಾರ್ಡ್ ಇದ್ದ ಹಾಗೆ. ವಿಳಾಸ ಬರೆದು ಡಬ್ಬಿಗೆ ಹಾಕಿದರೆ ಮುಗೀತು, ಉತ್ತರಕ್ಕೆ ಕಾಯೋ ಹಾಗಿಲ್ಲ. ವಿಳಾಸ, ಮುದ್ರೆ ಎಲ್ಲಾ ಸೇರಿ ಒಂದು ಕಾರ್ಡಿಗೆ 404 ಬೈಟ್. ಒಳ್ಳೇ ಸಂಪರ್ಕ ಇದ್ದ ಒಂದೇ ಕಂಪ್ಯೂಟರ್ ಸೆಕೆಂಡಿಗೆ 26,000 ಕಾರ್ಡ್ ಎಸೆದದ್ದು ದಾಖಲಾಗಿದೆ. ಯಾರಿಗೆ? ಯಾರಿಗಾದರೂ. ಇಂಟರ್‌ನೆಟ್ ವಿಳಾಸಗಳನ್ನ ಕಣ್ಣು ಮುಚ್ಚಿ ಹುಟ್ಟುಹಾಕಿ ಎಸೆಯೋದು. ಅಲ್ಲಿ 1434 ಕೌಂಟರ್ ತೆರೆದಿದ್ದರೆ ಆ ಕಂಪ್ಯೂಟರ್ ಕೂಡ ಎಸೆಯೋಕೆ ಶುರು.

ಕಾಮರ್ಸ್‌ನವರಿಗೆ 72ರ ಲೆಕ್ಕ ಗೊತ್ತಿರುತ್ತೆ. 7 ಪರ್ಸೆಂಟ್ ಬಡ್ಡಿಯಲ್ಲಿ ಎಫ್‌ಡಿ ಇಟ್ಟರೆ ದುಡ್ಡು ದುಪ್ಪಟ್ಟಾಗೋಕೆ ಹತ್ತು ವರ್ಷದ ಮೇಲೆ ಬೇಕು. ಕೋಡ್ ರೆಡ್ ದುಪ್ಪಟ್ಟಾಗ್ತಿದ್ದದ್ದು 37 ನಿಮಿಷಕ್ಕೊಮ್ಮೆ. ಸ್ಲ್ಯಾಮರ್ ಮೊದಲ ಒಂದು ನಿಮಿಷ ದುಪ್ಪಟ್ಟಾಗಿದ್ದು 8.5 ಸೆಕೆಂಡಿಗೊಮ್ಮೆ. ಒಂದು ನಿಮಿಷದಲ್ಲಿ ಏಳು ಸಲ, ಅಂದ್ರೆ ಒಂದು ಇದ್ದದ್ದು 128. ಸುಮಾರು ಮೂರು ನಿಮಿಷಕ್ಕೆ ಜಗತ್ತಿನಾದ್ಯಂತ ಸೆಕೆಂಡಿಗೆ 5.5 ಕೋಟಿ ಕಾರ್ಡ್ ಹಾರಾಡ್ತಿದ್ದವು. ಅಲ್ಲಿಂದ ಮುಂದೆ ವೇಗ ಸ್ವಲ್ಪ ತಗ್ಗಿತು. ಯಾರೋ ತಡೆದದ್ದಕ್ಕಲ್ಲ. ತಂತಿಗಳೇ ತುಂಬಿ ಹೋಗಿ ಅದಕ್ಕೆ ಅದೇ ಅಡ್ಡ ಬಂತು. ಹತ್ತು ನಿಮಿಷಕ್ಕೆ, ತೂತಿದ್ದ ಕಂಪ್ಯೂಟರ್‌ಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಅದರ ಕೈಯಲ್ಲಿದ್ದವು. ಒಟ್ಟು ಕನಿಷ್ಠ 75,000. ಈ ಅಂಕಿಗಳೆಲ್ಲ ಆಮೇಲೆ ಡೇವಿಡ್ ಮೂರ್, ವರ್ನ್ ಪ್ಯಾಕ್ಸನ್ ಮತ್ತು ಸಂಗಡಿಗರು ಕೂತು ಅಳೆದು ಬರೆದದ್ದು.

ತಮಾಷೆ ಅಂದ್ರೆ, ಇದನ್ನ ಬರೆದವನ ಲೆಕ್ಕವೂ ತಪ್ಪಿತ್ತು. ವಿಳಾಸ ಹುಟ್ಟುಹಾಕುವ ಗಣಿತದಲ್ಲಿ ಎಡವಟ್ಟು ಮಾಡಿಕೊಂಡಿದ್ದ. ಹಾಗಾಗಿ ಒಂದೊಂದು ಪ್ರತಿಯೂ ಕೆಲವು ವಿಳಾಸಗಳನ್ನ ಎಂದೂ ಮುಟ್ಟುತ್ತಲೇ ಇರಲಿಲ್ಲ. ಅಷ್ಟಿದ್ದೂ ಇಷ್ಟಾಯ್ತು.

ಅದು ಏನನ್ನೂ ಕದಿಯಲಿಲ್ಲ, ಒಂದು ಫೈಲನ್ನೂ ಅಳಿಸಲಿಲ್ಲ. ಹಾರ್ಡ್ ಡಿಸ್ಕ್ ಮುಟ್ಟಲೇ ಇಲ್ಲ, ಬರೀ ಮೆಮೊರಿಯಲ್ಲಿ ವಾಸ. ಅದು ಮಾಡಿದ್ದು ಗದ್ದಲ ಮಾತ್ರ. ಆ ಗದ್ದಲಕ್ಕೆ ಏನೇನು ನಿಂತಿತು ನೋಡಿ. ಕೊರಿಯಾದಲ್ಲಿ ಆಗ ಶನಿವಾರ ಮಧ್ಯಾಹ್ನ ಎರಡೂವರೆ. ಮನೆಮನೆಗೆ ಬ್ರಾಡ್‌ಬ್ಯಾಂಡ್ ಬಂದಿದ್ದ ದೇಶ ಅದು. ಸಿಯೋಲ್‌ನಲ್ಲಿ ಕೆಟಿ ಕಂಪನಿಯ ಡಿಎನ್‌ಎಸ್ ಸರ್ವರ್‌ಗಳು ಆ ಹೊರೆಗೆ ಕುಸಿದವು. ಹೆಸರು ಕೊಟ್ಟರೆ ವಿಳಾಸ ಹೇಳುವವರೇ ಇಲ್ಲದ ಮೇಲೆ ಯಾವ ಸೈಟು ತೆರೆಯುತ್ತೆ? ಅಮೆರಿಕದಲ್ಲಿ ಬ್ಯಾಂಕ್ ಆಫ್ ಅಮೆರಿಕಾದ 13,000 ಎಟಿಎಂಗಳಲ್ಲಿ ಬಹುಪಾಲು ದುಡ್ಡು ಕೊಡಲಿಲ್ಲ. ಕಾಂಟಿನೆಂಟಲ್ ಏರ್‌ಲೈನ್ಸ್‌ನ ವಿಮಾನಗಳು ತಡವಾದವು, ಕೆಲವು ರದ್ದಾದವು.

ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ 911 ಕರೆ ಕೇಂದ್ರದ ಕಂಪ್ಯೂಟರ್‌ಗಳು ನಿಂತವು. 911 ಅಂದ್ರೆ ನಮ್ಮ 112 ಇದ್ದ ಹಾಗೆ. ಮನೆಗೆ ಬೆಂಕಿ ಬಿದ್ದವರು, ಎದೆ ನೋವು ಬಂದವರು ಮಾಡುವ ಕರೆ. ಅಲ್ಲಿನ ಸಿಬ್ಬಂದಿ ಗಂಟೆಗಟ್ಟಲೆ ಪೆನ್ನು ಹಿಡಿದು ಕಾಗದದ ಮೇಲೆ ಬರೆದುಕೊಂಡೇ ಕೆಲಸ ಮಾಡಿದರು.

ಓಹಾಯೋದಲ್ಲಿ ಡೇವಿಸ್-ಬೆಸ್ಸಿ ಅಂತ ಒಂದು ಅಣು ವಿದ್ಯುತ್ ಸ್ಥಾವರ. ಅದರ ಸುರಕ್ಷತಾ ಮಾಹಿತಿ ತೋರಿಸುವ ಕಂಪ್ಯೂಟರ್ ವ್ಯವಸ್ಥೆ 4 ಗಂಟೆ 50 ನಿಮಿಷ ಸಿಗಲಿಲ್ಲ. ಪುಣ್ಯಕ್ಕೆ ಬೇರೊಂದು ದೋಷದಿಂದಾಗಿ ಸ್ಥಾವರ ಆಗ ಮೊದಲೇ ಬಂದ್ ಆಗಿತ್ತು, ಹಳೇ ಕಾಲದ ಅನಲಾಗ್ ಮೀಟರ್‌ಗಳೂ ಇದ್ದವು. ಅಲ್ಲಿಗೆ ವರ್ಮ್ ನುಗ್ಗಿದ್ದು ಹೇಗೆ ಗೊತ್ತಾ? ಮುಂಬಾಗಿಲಲ್ಲಿ ಫೈರ್‌ವಾಲ್ ಇತ್ತು, 1434 ಮುಚ್ಚಿಯೂ ಇತ್ತು. ಆದರೆ ಒಬ್ಬ ಗುತ್ತಿಗೆದಾರರ ನೆಟ್‌ವರ್ಕ್‌ನಿಂದ ನೇರ ಒಳಗೆ ಬರುವ ಒಂದು ಲೈನ್ ಇತ್ತು, ಫೈರ್‌ವಾಲ್ ಬಳಸಿಕೊಂಡು ಹೋಗುವ ಹಿತ್ತಲ ಬಾಗಿಲು. ನಮ್ಮ ಹಾಜರಿ ಮಷಿನ್ ನೆನಪಾಯ್ತು ನನಗೆ.

ಮೈಕ್ರೋಸಾಫ್ಟ್‌ನ ಒಳಗಿನ ಕಂಪ್ಯೂಟರ್‌ಗಳಲ್ಲೇ ಕೆಲವಕ್ಕೆ ತೇಪೆ ಹಾಕಿರಲಿಲ್ಲ. ತೇಪೆ ಹೊಲಿದ ದರ್ಜಿಯ ಅಂಗಿಯೇ ಹರಿದಿತ್ತು. ಭದ್ರತೆಯೇ ಮೊದಲು ಅಂತ ಬಿಲ್ ಗೇಟ್ಸ್ ಇಡೀ ಕಂಪನಿಗೆ ಪತ್ರ ಬರೆದು ಆಗಷ್ಟೇ ಒಂದು ವರ್ಷ ಕಳೆದಿತ್ತು.

ನಿಂತದ್ದು ಹೇಗೆ? ಇಂಟರ್‌ನೆಟ್ ಕಂಪನಿಗಳು ತಮ್ಮ ರೌಟರ್‌ಗಳಲ್ಲಿ 1434 ಬಾಗಿಲನ್ನೇ ಮುಚ್ಚಿದವು. ಈ ನಂಬರ್ ಸಾರ್ವಜನಿಕವಾಗಿ ಅಷ್ಟು ಬಳಕೆಯಲ್ಲಿರಲಿಲ್ಲ, ಹಾಗಾಗಿ ಮುಚ್ಚಿದರೂ ನಡೀತು. ಇದೇ ತೂತು ಡಿಎನ್‌ಎಸ್ ಓಡಾಡುವ ಬಾಗಿಲಲ್ಲಿ ಇದ್ದಿದ್ದರೆ ಮುಚ್ಚೋಕೂ ಆಗ್ತಿರಲಿಲ್ಲ. ತಗುಲಿದ ಕಂಪ್ಯೂಟರನ್ನ ಆಫ್ ಮಾಡಿ ಆನ್ ಮಾಡಿದರೆ ವರ್ಮ್ ಹೋಗ್ತಿತ್ತು. ತೇಪೆ ಹಾಕದೆ ಆನ್ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ವಾಪಸ್. ನಮ್ಮ ದೇಶದಲ್ಲಿ ಆಗ ಇಂಥದ್ದಕ್ಕೆ ಫೋನ್ ಮಾಡೋಕೆ ರಾಷ್ಟ್ರಮಟ್ಟದ ಕಚೇರಿ ಇರಲಿಲ್ಲ. ಸರ್ಟ್-ಇನ್ ಶುರುವಾಗಿದ್ದು ಸರಿಯಾಗಿ ಒಂದು ವರ್ಷದ ನಂತರ, 2004ರ ಜನವರಿಯಲ್ಲಿ.

ಈಗ ಲಿಚ್‌ಫೀಲ್ಡ್. ಸ್ಲ್ಯಾಮರ್ ಒಳಗಿದ್ದ ಕೋಡ್ ನೋಡಿದವರಿಗೆ ಅದರ ಅಚ್ಚು ಎಲ್ಲಿಂದ ಬಂತು ಅಂತ ಗೊತ್ತಾಯ್ತು. ಲಾಸ್ ವೇಗಸ್‌ನಲ್ಲಿ ಅವರೇ ತೋರಿಸಿದ್ದ ಮಾದರಿ. ಅವರು ಮುಚ್ಚಿಡಲಿಲ್ಲ, ಬಹಿರಂಗವಾಗಿ ಒಪ್ಪಿಕೊಂಡರು. ಇಂಥ ವರ್ಮ್ ಬರೆಯಬಲ್ಲವನಿಗೆ ಆ ಭಾಗವನ್ನ ತಾನೇ ಬರೆದುಕೊಳ್ಳೋ ಶಕ್ತಿಯೂ ಇತ್ತು, ತನ್ನ ಕೋಡ್‌ನಿಂದ ಅವನಿಗೆ ಸ್ವಲ್ಪ ಸಮಯ ಉಳೀತು ಅಷ್ಟೇ ಅನ್ನೋದು ಅವರ ವಾದ. ಆದರೂ ಇನ್ನು ಮುಂದೆ ಇಂಥ ಕೋಡ್ ಪ್ರಕಟಿಸಬೇಕೇ ಬೇಡವೇ ಅನ್ನೋ ಪ್ರಶ್ನೆಯನ್ನ ತಮ್ಮ ಮುಂದೆಯೇ ಇಟ್ಟುಕೊಂಡರು.

ಈ ಎಪಿಸೋಡ್ ಬರೆಯೋಕೆ ಕೂತಾಗ ನಾನು ಪೂರ್ತಿ ಅವರ ವಿರುದ್ಧ ಇದ್ದೆ. ಆಡಿಟರ್ ಒಬ್ಬರು 'ಈ ಕಂಪನಿಯ ತಿಜೋರಿ ಬೀಗ ಸರಿ ಇಲ್ಲ' ಅಂತ ವರದಿ ಬರೆಯೋದು ಅವರ ಕರ್ತವ್ಯ, ವರದಿಯ ಜೊತೆ ನಕಲಿ ಕೀಲಿ ಲಗತ್ತಿಸೋದು ಯಾವ ಕರ್ತವ್ಯ? ಆದರೆ ಓದ್ತಾ ಓದ್ತಾ ಇನ್ನೊಂದು ವಿಷಯ ತಿಳೀತು. ಕೀಲಿ ಕೊಡದಿದ್ದರೂ ತೇಪೆಯೇ ಗುಟ್ಟು ಹೇಳುತ್ತೆ. ಹಳೇ ಫೈಲನ್ನೂ ಹೊಸ ಫೈಲನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಎಲ್ಲಿ ಹೊಲಿಗೆ ಬಿದ್ದಿದೆ ಅಂತ ತಿಳಿದವರಿಗೆ ಕಾಣುತ್ತೆ. ಅಂದ್ರೆ ತೇಪೆ ಬಿಡುಗಡೆಯಾದ ದಿನದಿಂದಲೇ ಗಡಿಯಾರ ಓಡೋಕೆ ಶುರು. ಈಗ ನಾನು ನಡುವೆ ನಿಂತಿದ್ದೀನಿ. ತೂತು ಇದೆ ಅಂತ ಕೂಗಿ ಹೇಳಬೇಕು, ಅದರಲ್ಲಿ ಅನುಮಾನ ಇಲ್ಲ. ಕೋಡ್ ಕೈಗೆ ಕೊಡೋದರ ಬಗ್ಗೆ ಮಾತ್ರ ನನಗೆ ಈಗಲೂ ಸಮಾಧಾನ ಇಲ್ಲ. ನಿಮ್ಮಲ್ಲಿ ಈ ಕ್ಷೇತ್ರದವರು ಇದ್ದರೆ ನನ್ನ ಜೊತೆ ಜಗಳಕ್ಕೆ ಬನ್ನಿ, ವಾಯ್ಸ್ ನೋಟ್ ಕಳಿಸಿ.

ಆಮೇಲೆ ಕೆಲವು ಬದಲಾವಣೆ ಆದವು. 2003ರ ಅಕ್ಟೋಬರ್‌ನಿಂದ ಮೈಕ್ರೋಸಾಫ್ಟ್ ತೇಪೆಗಳನ್ನ ತಿಂಗಳಿಗೊಮ್ಮೆ, ಎರಡನೇ ಮಂಗಳವಾರ ಬಿಡೋಕೆ ಶುರುಮಾಡಿತು. ಅಮೆರಿಕದ ಮಂಗಳವಾರ ಬೆಳಗ್ಗೆ ಅಂದ್ರೆ ನಮಗೆ ರಾತ್ರಿ. ತಿಂಗಳಿಗೊಂದು ಬುಧವಾರ ಬೆಳಗ್ಗೆ ಲ್ಯಾಪ್‌ಟಾಪ್ ತೆರೆದಾಗ 'ಅಪ್‌ಡೇಟ್ ಆಗ್ತಿದೆ, ಆಫ್ ಮಾಡಬೇಡಿ' ಅಂತ ನಿಮ್ಮನ್ನ ಕಾಯಿಸುತ್ತಲ್ಲ, ಅದರ ಹಿಂದೆ ಇಂಥ ಶನಿವಾರಗಳಿವೆ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಫೈರ್‌ವಾಲ್ ತಾನಾಗಿಯೇ ಆನ್ ಆಗಿ ಬರೋಕೆ ಶುರುವಾಯ್ತು.

ಸ್ಲ್ಯಾಮರ್ ಮಾತ್ರ ಸಾಯಲಿಲ್ಲ. 2016ರ ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರದಲ್ಲಿ ಅದರ ಪ್ಯಾಕೆಟ್‌ಗಳು ಇದ್ದಕ್ಕಿದ್ದ ಹಾಗೆ ಜಾಸ್ತಿಯಾದದ್ದನ್ನ ಚೆಕ್ ಪಾಯಿಂಟ್ ಕಂಪನಿ ಗಮನಿಸಿತು. ಹದಿನಾಲ್ಕು ವರ್ಷ ಆಗುತ್ತಾ ಬಂದಿದ್ದರೂ ಅದೇ 376 ಬೈಟ್, ಅದೇ 1434. ಎಲ್ಲೋ ತೇಪೆ ಹಾಕದ ಒಂದು ಸರ್ವರ್ ಕಾರ್ಡು ಎಸೀತಾ ಕೂತಿರುತ್ತೆ.

ಹಾಜರಿ ಮಷಿನ್‌ನ ಕಂಪ್ಯೂಟರ್‌ಗೆ ಮೇಡಂ ಇನ್ನೂ ಅಪ್‌ಡೇಟ್ ಹಾಕಿಸಿಲ್ಲ. ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿದರಂತೆ, 'ಚೆನ್ನಾಗಿ ನಡೀತಿದೆ ತಾನೇ, ಬಿಡಿ' ಅಂದರಂತೆ. ಸದ್ಯಕ್ಕೆ ಅದರ ನೆಟ್ ಕೇಬಲ್ ಕಿತ್ತು ಪಕ್ಕಕ್ಕೆ ಇಟ್ಟಿದ್ದಾರೆ.

ಮುಂದಿನ ವಾರ 1988ರ ಮಾರಿಸ್ ವರ್ಮ್, ಅದನ್ನ ಬರೆದ ವಿದ್ಯಾರ್ಥಿಯ ಕೋರ್ಟ್ ಕೇಸ್. ಸಿಗೋಣ.